ಕಿಕುಯು ಸಮ್ಮೇಳನವೂ ರಕ್ತದ ಆಣೆಯೂ: ಕೆನ್ಯದ ಕ್ರೈಸ್ತ ಐಕ್ಯದ ಇತಿಹಾಸದಲ್ಲಿ ಒಂದು ವಿಚಾರ

ಕ್ರೈಸ್ತಸಭೆಗಳ ಐಕ್ಯದ ಇತಿಹಾಸವನ್ನು ಬರೆಯುವವರು ೧೯೧೦ರ ಎಡಿನ್‌ಬರೋ ಸಮ್ಮೇಳನದಿಂದ ಕಥನವನ್ನು ಆರಂಭಿಸಿ, ಯೂರೋಪ್ ಅಮೆರಿಕಗಳ ಸಭಾಧ್ಯಕ್ಷರ ಪತ್ರವ್ಯವಹಾರ, ನಿರ್ಣಯ, ಸಮಿತಿಗಳ ಮೂಲಕ ಅದನ್ನು ಮುಂದುವರಿಸುವುದು ವಾಡಿಕೆಯಾಗಿದೆ. ಈ ಕಥನದಲ್ಲಿ ಆಫ್ರಿಕ ಖಂಡವು ಬರುವುದಾದರೂ ಯೂರೋಪಿನ ವಿವಾದವೊಂದು ನಡೆದ ರಂಗಸ್ಥಳವಾಗಿ ಬರುವುದೇ ಹೊರತು, ಐಕ್ಯವೆಂದರೇನೆಂಬುದನ್ನು ತನ್ನ ಸಂಪ್ರದಾಯಗಳ ಬೆಳಕಿನಲ್ಲಿ ತಾನೇ ವಿಚಾರಿಸಿಕೊಂಡ ಜನರ ನಾಡಾಗಿ ಬರುವುದು ವಿರಳ. ಪ್ರಕೃತ ಲೇಖನದಲ್ಲಿ ನಾವು ಕೆನ್ಯ ದೇಶದ ಕಿಕುಯು ಜನರ ನಡುವೆ, ೧೯೧೩ರಿಂದ ಸುಮಾರು ಅರ್ಧ ಶತಮಾನದ ಅವಧಿಯಲ್ಲಿ ನಡೆದ ಕೆಲವು ಘಟನೆಗಳನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ. ಕಿಕುಯು ಎಂಬುದು ಜನಾಂಗದ ಹೆಸರೂ ಹೌದು, ನೈರೋಬಿಗೆ ಸಮೀಪದ ಒಂದು ಊರಿನ ಹೆಸರೂ ಹೌದು. ಈ ಊರಿನಲ್ಲಿ ಮಿಷನರಿಗಳು ರಚಿಸಿದ ಐಕ್ಯದ ಯೋಜನೆಗೂ, ನಲವತ್ತು ವರ್ಷಗಳ ತರುವಾಯ ಇದೇ ಜನಾಂಗದ ಸಾಮಾನ್ಯ ಕ್ರೈಸ್ತರು ಪ್ರಾಣಭಯದ ಎದುರಿನಲ್ಲಿ ತೋರಿದ ಐಕ್ಯಕ್ಕೂ ಇರುವ ಅಂತರವೇ ನಮ್ಮ ವಿಚಾರದ ವಿಷಯ.

ಮೊದಲು ಹಿನ್ನೆಲೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಅಗತ್ಯ. ಮೊಂಬಾಸದಿಂದ ವಿಕ್ಟೋರಿಯ ಸರೋವರದವರೆಗೆ ಬ್ರಿಟಿಷರು ೧೮೯೬ರಿಂದ ೧೯೦೧ರೊಳಗೆ ರೈಲುಮಾರ್ಗವನ್ನು ಹಾಕಿದರು. ಇದು ಮೂವತ್ತು ಸಾವಿರಕ್ಕೂ ಮಿಕ್ಕ ಭಾರತೀಯ ಕೂಲಿಗಾರರ ದುಡಿಮೆಯ ಫಲವೆಂಬುದು ಸುವಿದಿತವೇ ಆಗಿದೆ. ಅದಕ್ಕೂ ಮುಂಚೆ ಕರಾವಳಿಯ ಕ್ರೈಸ್ತಸಮಾಜಕ್ಕೆ ಭಾರತದೊಡನೆ ಇನ್ನೊಂದು ಸಂಬಂಧವಿದ್ದಿತು. ಗುಲಾಮರ ಹಡಗುಗಳಿಂದ ಬಿಡುಗಡೆ ಹೊಂದಿ ನಾಸಿಕದ ಮಿಷನ್ ಶಾಲೆಯಲ್ಲಿ ಕಲಿತು ಮರಳಿದ ‘ಬೊಂಬಾಯಿ ಆಫ್ರಿಕನ್ನರು’ ಮೊಂಬಾಸದ ಬಳಿಯ ಮೊದಲ ಕ್ರೈಸ್ತ ಉಪದೇಶಕರಲ್ಲಿ ಪ್ರಮುಖರಾಗಿದ್ದರು. ರೈಲು ಒಳನಾಡನ್ನು ಮುಟ್ಟಿದೊಡನೆಯೇ ಮಿಷನ್ನುಗಳೂ ಅದನ್ನು ಹಿಂಬಾಲಿಸಿದವು. ಆಂಗ್ಲಿಕನ್ನರ ಚರ್ಚ್ ಮಿಷನರಿ ಸೊಸೈಟಿ, ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರು, ಮೆಥೊಡಿಸ್ಟರು, ಅಮೆರಿಕದಿಂದ ಬಂದ ಆಫ್ರಿಕ ಇನ್‌ಲ್ಯಾಂಡ್ ಮಿಷನ್ನಿನವರು ಒಂದೊಂದು ಬೆಟ್ಟದ ಸಾಲನ್ನು ಒಬ್ಬೊಬ್ಬರಂತೆ ಹಂಚಿಕೊಂಡರು. ಒಂದೇ ವಂಶದ ಅಣ್ಣನು ಪ್ರೆಸ್ಬಿಟೇರಿಯನ್, ತಮ್ಮನು ಆಂಗ್ಲಿಕನ್ ಆದದ್ದು ಯಾವ ಸಿದ್ಧಾಂತದ ಕಾರಣದಿಂದಲೂ ಅಲ್ಲ, ಅವರ ಹೊಲಗಳ ನಡುವೆ ಹರಿಯುತ್ತಿದ್ದ ಒಂದು ಹಳ್ಳದ ಕಾರಣದಿಂದ.

ಈ ಏರ್ಪಾಡು ಊರೊಳಗೆ ಇರುವವರಿಗೆ ಸಾಕಾಗಿತ್ತು. ಪ್ರಯಾಣ ಮಾಡುವವನಿಗೆ ಸಾಲದೆ ಹೋಯಿತು. ಒಂದು ಮಿಷನ್ನಿನಲ್ಲಿ ದೀಕ್ಷಾಸ್ನಾನ ಹೊಂದಿದವನು ಕೂಲಿಗಾಗಿ ನೈರೋಬಿಗೋ ರೈಲುನಿಲ್ದಾಣವೊಂದಕ್ಕೋ ಹೋದರೆ, ಅಲ್ಲಿಯ ಪ್ರಭುಭೋಜನದಲ್ಲಿ ಅವನಿಗೆ ಸ್ಥಳವುಂಟೇ ಇಲ್ಲವೇ? ಅವನನ್ನು ಕ್ರೈಸ್ತನೆಂದು ಎಣಿಸಬೇಕೇ, ಅಥವಾ ಮತ್ತೆ ಮೊದಲಿನಿಂದ ಪರೀಕ್ಷಿಸಬೇಕೇ? ಉಗಾಂಡದ ಬಿಷಪ್ ವಿಲ್ಲಿಸರಿಗೂ ಮೊಂಬಾಸದ ಬಿಷಪ್ ಪೀಲರಿಗೂ ಈ ಪ್ರಶ್ನೆ ದಿನನಿತ್ಯದ್ದಾಗಿತ್ತು. ೧೯೧೩ರ ಜೂನ್ ತಿಂಗಳಲ್ಲಿ ಕಿಕುಯು ಊರಿನ ಸ್ಕಾಟಿಷ್ ಮಿಷನ್ನಿನಲ್ಲಿ ವಿಲ್ಲಿಸರ ಅಧ್ಯಕ್ಷತೆಯಲ್ಲಿ ನೆರೆದ ಮಿಷನರಿಗಳು ಒಂದು ಒಕ್ಕೂಟದ ಯೋಜನೆಯನ್ನು ಸಿದ್ಧಪಡಿಸಿದರು. ಬೈಬಲ್ಲಿನ ಪ್ರಾಮಾಣ್ಯ, ಅಪೊಸ್ತಲರ ಮತ್ತು ನೈಸಿಯ ವಿಶ್ವಾಸಪ್ರಮಾಣಗಳು, ಪರಸ್ಪರ ಸದಸ್ಯತ್ವದ ಮನ್ನಣೆ, ಒಬ್ಬರ ಪೀಠದಿಂದ ಇನ್ನೊಬ್ಬರ ಉಪದೇಶ, ದೂರದ ಊರಿಗೆ ಬಂದ ಕ್ರೈಸ್ತನಿಗೆ ಆ ಊರಿನ ಸಭೆಯಲ್ಲಿ ಪ್ರಭುಭೋಜನ, ಇವು ಅದರ ಮುಖ್ಯಾಂಶಗಳು. ಕಡೆಯಲ್ಲಿ ಸ್ಕಾಟಿಷ್ ದೇವಾಲಯದೊಳಗೆ ಬಿಷಪ್ ಪೀಲರು ಆಂಗ್ಲಿಕನ್ ಪ್ರಾರ್ಥನಾಗ್ರಂಥದ ವಿಧಿಯಂತೆ ಪ್ರಭುಭೋಜನವನ್ನು ನಡೆಯಿಸಿದರು. ಪ್ರೆಸ್ಬಿಟೇರಿಯನ್ ಪಾದ್ರಿಯೊಬ್ಬರು ಉಪದೇಶ ಮಾಡಿದರು. ಬೇರೆ ಬೇರೆ ಸಭೆಗಳವರು ಒಂದೇ ಪಾತ್ರೆಯಿಂದ ಪಾನ ಮಾಡಿದರು.

ಇದರಿಂದ ಎದ್ದ ಬಿರುಗಾಳಿ ಪ್ರಸಿದ್ಧವಾದದ್ದು. ಜಾಂಜಿಬಾರಿನ ಬಿಷಪ್ ಫ್ರಾಂಕ್ ವೆಸ್ಟನ್ನರು ಪೀಲ್ ಮತ್ತು ವಿಲ್ಲಿಸರ ಮೇಲೆ ಪಾಷಂಡತ್ವದ ಮತ್ತು ಸಭಾಭೇದದ ಆರೋಪವನ್ನು ಹೊರಿಸಿ, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ರ್‍ಯಾಂಡಲ್ ಡೇವಿಡ್ಸನ್ನರು ಅವರನ್ನು ವಿಚಾರಣೆಗೆ ಗುರಿಪಡಿಸಬೇಕೆಂದು ಕೇಳಿದರು. ಬಿಷಪ್ಪರ ಹಸ್ತದಿಂದ ದೃಢೀಕರಣ ಸಂಸ್ಕಾರ ಹೊಂದದವರಿಗೆ ಪ್ರಭುಭೋಜನವಿತ್ತರೆ ಅಪೊಸ್ತಲರಿಂದ ಬಂದ ಪರಂಪರೆಗೆ ಅರ್ಥವೇನು ಉಳಿಯಿತು ಎಂಬುದು ಅವರ ಪ್ರಶ್ನೆ. ಲಂಡನ್ನಿನ ಪತ್ರಿಕೆಗಳು ತಿಂಗಳುಗಟ್ಟಲೆ ಇದನ್ನೇ ಚರ್ಚಿಸಿದವು. ಡೇವಿಡ್ಸನ್ನರು ವಿಚಾರಣೆಗೆ ಒಪ್ಪದೆ ವಿಷಯವನ್ನು ಒಂದು ಸಲಹಾಮಂಡಲಿಗೆ ಒಪ್ಪಿಸಿ, ಮಹಾಯುದ್ಧವು ನಡೆಯುತ್ತಿದ್ದ ೧೯೧೫ರಲ್ಲಿ ತಮ್ಮ ಅಭಿಪ್ರಾಯವನ್ನು ಪ್ರಕಟಿಸಿದರು. ಅನ್ಯಸಭೆಯವರಿಗೆ ವಿಶೇಷ ಸಂದರ್ಭಗಳಲ್ಲಿ ಆತಿಥ್ಯ ತೋರಬಹುದು, ಆದರೆ ಕಿಕುಯುವಿನಲ್ಲಿ ನಡೆದಂಥ ಕೂಡುಭೋಜನವನ್ನು ಪುನಃ ನಡೆಯಿಸಬಾರದು ಎಂಬುದು ಅದರ ತಾತ್ಪರ್ಯ. ಆ ಆರಾಧನೆ ದೇವರಿಗೆ ಅತ್ಯಂತ ಪ್ರಿಯವಾದದ್ದು, ಆದಕಾರಣ ಇನ್ನೊಮ್ಮೆ ನಡೆಯಕೂಡದು ಎಂದು ಅಂದಿನ ವಿನೋದಪ್ರಿಯರು ಈ ತೀರ್ಪನ್ನು ಹಾಸ್ಯ ಮಾಡಿದರು.

ವೆಸ್ಟನ್ನರನ್ನು ಐಕ್ಯದ ಶತ್ರುವೆಂದು ಚಿತ್ರಿಸಿ ಕೈತೊಳೆದುಕೊಳ್ಳುವುದು ಸುಲಭ. ಅದು ನ್ಯಾಯವಾಗದೆಂದು ನಮ್ಮ ಭಾವನೆ. ಆಫ್ರಿಕನ್ನರ ಮೇಲೆ ಹೇರಿದ ಬಲವಂತದ ದುಡಿಮೆಯನ್ನು ೧೯೨೦ರಲ್ಲಿ ಕಟುವಾಗಿ ಖಂಡಿಸಿದ ಬಿಷಪ್ಪರು ಇವರೇ. ೧೯೧೮ರಲ್ಲಿ ಕಿಕುಯುವಿನಲ್ಲೇ ಕೂಡಿದ ಎರಡನೆಯ ಸಮ್ಮೇಳನಕ್ಕೆ ಇವರೂ ಬಂದು ಮಾತುಕತೆ ನಡೆಸಿದರು. ೧೯೨೦ರ ಲ್ಯಾಂಬೆತ್ ಸಮ್ಮೇಳನವು ಎಲ್ಲ ಕ್ರೈಸ್ತರಿಗೂ ಮಾಡಿದ ಐಕ್ಯದ ವಿನಂತಿಯ ಹಿಂದೆಯೂ ಇವರ ಕೈಯಿದೆ. ನಮ್ಮ ದೇಶದ ಇತಿಹಾಸಕ್ಕೂ ಇಲ್ಲಿ ಒಂದು ಎಳೆ ಕೂಡಿಕೊಳ್ಳುತ್ತದೆ. ೧೯೧೯ರಲ್ಲಿ ತರಂಗಂಬಾಡಿಯಲ್ಲಿ ಬಿಷಪ್ ಅಜರಯ್ಯನವರೇ ಮೊದಲಾದವರು ಆರಂಭಿಸಿದ ಪ್ರಯತ್ನವು ಲ್ಯಾಂಬೆತ್ ವಿನಂತಿಯಿಂದ ಬಲ ಪಡೆದು, ೧೯೪೭ರ ಸೆಪ್ಟೆಂಬರ್ ೨೭ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯಾಗಿ ಸಿದ್ಧಿಸಿತು. ಮೈಸೂರು ಸೀಮೆಯ ಮೆಥೊಡಿಸ್ಟರೂ ಬಳ್ಳಾರಿ ಬೆಂಗಳೂರುಗಳ ಲಂಡನ್ ಮಿಷನ್ನಿನ ಸಭೆಗಳವರೂ ಅದರಲ್ಲಿ ಸೇರಿದರು. ಭಾರತದಲ್ಲಿ ಫಲಿಸಿದ್ದು ಕೆನ್ಯದಲ್ಲಿ ಫಲಿಸಲಿಲ್ಲ. ೧೯೧೮ರಲ್ಲಿ ಅಲ್ಲಿ ಉಳಿದದ್ದು ಮಿಷನ್ನುಗಳ ಒಂದು ಮೈತ್ರಿಕೂಟ ಮಾತ್ರ. ಅದರ ಫಲವಾಗಿ ೧೯೨೬ರಲ್ಲಿ ಕಿಕುಯುವಿನಲ್ಲಿ ಸ್ಥಾಪಿತವಾದ ಅಲಯನ್ಸ್ ಪ್ರೌಢಶಾಲೆಯು ಸ್ವತಂತ್ರ ಕೆನ್ಯದ ಎಷ್ಟೋ ಮಂತ್ರಿಗಳನ್ನೂ ಅಧಿಕಾರಿಗಳನ್ನೂ ಬೆಳೆಸಿತು. ೧೯೬೦ರ ದಶಕದಲ್ಲಿ ಪೂರ್ವ ಆಫ್ರಿಕದ ಸಭೆಗಳು ಮತ್ತೊಮ್ಮೆ ನಡೆಸಿದ ಏಕೀಕರಣದ ಸಂಧಾನವೂ ಕೈಗೂಡಲಿಲ್ಲ.

ಈ ವೈಫಲ್ಯಕ್ಕೆ ವೆಸ್ಟನ್ನರ ಪ್ರತಿಭಟನೆಯೇ ಕಾರಣವೆಂದು ಹಲವರು ಬರೆದಿದ್ದಾರೆ. ನಮಗೆ ತೋರುವ ಮಟ್ಟಿಗೆ ಕಾರಣ ಇನ್ನೂ ಆಳದಲ್ಲಿದೆ. ೧೯೧೩ರ ಯೋಜನೆಯಲ್ಲಿ ಪಾದ್ರಿಯ ಅಧಿಕಾರ, ಸಂಸ್ಕಾರದ ವಿಧಿ, ಮಿಷನ್ನುಗಳ ಗಡಿ ಇವೆಲ್ಲ ಇದ್ದವು. ಅದನ್ನು ಬರೆದವರೂ ಮಿಷನರಿಗಳು, ವಿರೋಧಿಸಿದವರೂ ಮಿಷನರಿಗಳು. ಮನುಷ್ಯರು ಒಂದಾಗುವುದು ಹೇಗೆ ಎಂಬ ಪ್ರಶ್ನೆಗೆ ಕಿಕುಯು ಜನರ ಬಳಿ ಅದಾಗಲೇ ಇದ್ದ ಉತ್ತರವನ್ನು ಯಾರೂ ಕೇಳಿರಲಿಲ್ಲ.

ಆ ಉತ್ತರ ಏನಾಗಿತ್ತು? ಕಿಕುಯು ಜನರು ಕಿರಿನ್ಯಾಗ ಪರ್ವತದಲ್ಲಿ ನೆಲೆಸಿದ ನ್ಗಾಯ್ ಎಂಬ ಏಕದೇವರನ್ನು ನಂಬಿದವರು. ಮುಗುಮೊ ಎಂಬ ಅತ್ತಿಯ ಜಾತಿಯ ವೃಕ್ಷದಡಿಯಲ್ಲಿ ಪರ್ವತದ ಕಡೆಗೆ ಮುಖ ಮಾಡಿ ಕುರಿಮರಿಯನ್ನು ಬಲಿ ಕೊಡುತ್ತಿದ್ದರು. ಗಿಕುಯು ಮತ್ತು ಮುಂಬಿ ಎಂಬ ಆದಿದಂಪತಿಗಳ ಹೆಣ್ಣುಮಕ್ಕಳಿಂದ ತಮ್ಮ ಕುಲಗಳು ಹುಟ್ಟಿದವೆಂಬುದು ಅವರ ಐತಿಹ್ಯ. ಈ ಜನರಿಗೆ ರಾಜನಿರಲಿಲ್ಲ. ಸಮಾಜವನ್ನು ಹಿಡಿದು ನಿಲ್ಲಿಸಿದ್ದು ಮೂರು ಕಟ್ಟುಗಳು. ಒಂದು, ಭೂಮಿಯನ್ನು ಕೂಡಿ ಅನುಭವಿಸುವ ‘ಎಂಬಾರಿ’ ಎಂಬ ವಂಶದ ಕಟ್ಟು. ಎರಡು, ಒಟ್ಟಿಗೆ ಸುನ್ನತಿ ಹೊಂದಿದವರೆಲ್ಲರನ್ನೂ ಜೀವಮಾನಪರ್ಯಂತ ಸೋದರರನ್ನಾಗಿ ಮಾಡುವ ‘ರೀಕಾ’ ಎಂಬ ಸಮವಯಸ್ಕರ ಕಟ್ಟು. ಇದು ವಂಶಗಳನ್ನು ಅಡ್ಡಹಾಯ್ದು ಹೋಗುವುದರಿಂದ ಜನಾಂಗವನ್ನು ಒಂದಾಗಿಸಿದ್ದು ಮುಖ್ಯವಾಗಿ ಇದೇ. ಮೂರನೆಯದು ಆಣೆ. ವ್ಯಾಜ್ಯ ಬಿದ್ದಾಗ ಹಿರಿಯರ ಎದುರಿಗೆ, ಹಗಲಿನಲ್ಲಿ, ಬಹಿರಂಗವಾಗಿ ಆಡನ್ನು ಸಾಕ್ಷಿಯಿಟ್ಟು ಆಣೆ ಮಾಡುವುದು ಪದ್ಧತಿ. ಸುಳ್ಳಾಡಿದವನನ್ನು ಆಣೆಯೇ ಕೊಲ್ಲುವುದೆಂಬುದು ನಂಬಿಕೆ. ಇವಲ್ಲದೆ ‘ಥಾಹು’ ಎಂಬ ಮೈಲಿಗೆಯ ಕಲ್ಪನೆಯೊಂದಿದ್ದಿತು. ನಿಷಿದ್ಧವನ್ನು ಮಾಡಿದವನಿಗೆ ತಟ್ಟುವ ಈ ಮೈಲಿಗೆ ಅವನೊಬ್ಬನಲ್ಲೇ ನಿಲ್ಲದೆ ಮನೆತನಕ್ಕೆಲ್ಲ ಹರಡುವುದು. ವೈದ್ಯನ ಮುಂದೆ ಅದನ್ನು ಬಾಯಿಂದ ಹೇಳಿ ಕಕ್ಕಿದ ಹೊರತು ತೊಲಗದು. ಈ ಶುದ್ಧಿಯಲ್ಲಿ ಕಕ್ಕುವ ಕ್ರಿಯೆ ಬರಿಯ ಅಲಂಕಾರದ ಮಾತಲ್ಲ, ವಿಧಿಯ ಒಂದು ಅಂಗ. ವಾಚಕರು ಇದನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಇದರ ಪ್ರಸ್ತಾಪ ಮತ್ತೆ ಬರುವುದು.

ಮಿಷನರಿಗಳ ಐಕ್ಯಕ್ಕೂ ಈ ಕಟ್ಟುಗಳಿಗೂ ನೇರವಾದ ಘರ್ಷಣೆ ೧೯೨೯ರಲ್ಲಿ ಒದಗಿತು. ಹೆಣ್ಣುಮಕ್ಕಳಿಗೂ ಅಂಗಚ್ಛೇದನದ ಸಂಸ್ಕಾರವನ್ನು ನಡೆಯಿಸುವುದು ಕಿಕುಯು ಪದ್ಧತಿಯಾಗಿತ್ತು. ಮಿಷನ್ ಆಸ್ಪತ್ರೆಗಳ ವೈದ್ಯರು ಪ್ರಸವಕಾಲದಲ್ಲಿ ಅದರ ಪರಿಣಾಮಗಳನ್ನು ಕಂಡವರಾದ್ದರಿಂದ ಅದನ್ನು ವಿರೋಧಿಸಿದರು; ಅವರ ವಿರೋಧಕ್ಕೆ ಆಧಾರವಿತ್ತೆಂಬುದರಲ್ಲಿ ಸಂದೇಹವಿಲ್ಲ, ಕೆನ್ಯದ ಶಾಸನವೇ ೨೦೧೧ರಲ್ಲಿ ಈ ಆಚರಣೆಯನ್ನು ನಿಷೇಧಿಸಿತು. ಕೆಲವು ಆಫ್ರಿಕನ್ ಸಭಾಹಿರಿಯರೂ ಮಿಷನರಿಗಳ ಜೊತೆಗೆ ನಿಂತರು. ಆದರೆ ಸ್ಕಾಟಿಷ್ ಮಿಷನ್, ಆಫ್ರಿಕ ಇನ್‌ಲ್ಯಾಂಡ್ ಮಿಷನ್ ಮೊದಲಾದವು ಹಿಡಿದ ಮಾರ್ಗ ಯೋಚಿಸತಕ್ಕದ್ದು. ಈ ಆಚರಣೆಯನ್ನು ತ್ಯಜಿಸಿರುವೆನೆಂದು ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಂತೆ ಸಭಾಸದಸ್ಯರನ್ನೂ ಉಪಾಧ್ಯಾಯರನ್ನೂ ಕೇಳಲಾಯಿತು. ಒತ್ತದವರಿಗೆ ಸಭೆಯೂ ಶಾಲೆಯೂ ಮುಚ್ಚಿತು. ಹೆಬ್ಬೆಟ್ಟು ಎಂಬ ಅರ್ಥದ ‘ಕಿರೊರೆ’ ಎಂಬ ಪದವೇ ಆ ಪಕ್ಷದ ಹೆಸರಾಯಿತು. ಸುನ್ನತಿಯಿಂದಲೇ ರೀಕಾ, ರೀಕಾದಿಂದಲೇ ಜನಾಂಗ ಎಂದು ತಿಳಿದಿದ್ದ ಕಿಕುಯು ರೈತನಿಗೆ ಅದು ವೈದ್ಯಕೀಯ ಸಲಹೆಯಾಗಿ ತೋರಲಿಲ್ಲ, ಮಿಷನರಿಯು ತನ್ನಿಂದ ತೆಗೆದುಕೊಳ್ಳುತ್ತಿರುವ ಆಣೆಯಾಗಿ ತೋರಿತು. ಬಿಳಿಯರು ನೆಲವನ್ನು ಕಿತ್ತುಕೊಂಡಿದ್ದ ಕಾಲದಲ್ಲಿ ಹೆಬ್ಬೆಟ್ಟೊತ್ತುವುದೆಂದರೆ ಏನೆಂಬ ಭೀತಿಯೂ ಅದಕ್ಕೆ ಸೇರಿಕೊಂಡಿತು.

ವೇದಗ್ರಂಥದಲ್ಲಿ ಇದನ್ನು ನಿಷೇಧಿಸಿದ ವಾಕ್ಯವೆಲ್ಲಿದೆ ಎಂದು ಜನರು ಕೇಳಿದ್ದೂ ಸಹಜವೇ. ೧೯೨೬ರಲ್ಲಿ ಕಿಕುಯು ಭಾಷೆಯ ಹೊಸ ಒಡಂಬಡಿಕೆ ಅವರ ಕೈಗೆ ಬಂದಿತ್ತು. ಅದರಲ್ಲಿ ಕನ್ಯೆ ಮರಿಯಳನ್ನು ಹೇಳಲು ಬಳಸಿದ ‘ಮುಯಿರೀತು’ ಎಂಬ ಪದಕ್ಕೆ ಆ ಭಾಷೆಯಲ್ಲಿ ಸಂಸ್ಕಾರ ಮುಗಿಸಿದ ಕನ್ಯೆ ಎಂದೇ ಅರ್ಥ! ಭಾಷಾಂತರಕಾರರಿಗೆ ಬೇರೆ ಪದವಿರಲಿಲ್ಲ; ಸಂಸ್ಕಾರವಾಗದ ಹುಡುಗಿಯನ್ನು ಮದುವೆಗೆ ಅರ್ಹಳೆಂದು ಹೇಳುವ ಪದವೇ ಆ ನುಡಿಯಲ್ಲಿರಲಿಲ್ಲ. ಭಾಷಾಂತರದ ಕಷ್ಟವನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಈ ಉದಾಹರಣೆ ಸ್ವಾರಸ್ಯವಾಗಿ ಕಂಡೀತು.

ಪರಿಣಾಮವಾಗಿ ಮೈತ್ರಿಕೂಟದ ಐಕ್ಯವೇ ಬಿರುಕುಬಿಟ್ಟಿತು. ಆಂಗ್ಲಿಕನ್ ಮಿಷನ್ನು ಹೆಬ್ಬೆಟ್ಟನ್ನು ಬಲವಂತಪಡಿಸದೆ ನಿರ್ಧಾರವನ್ನು ಸ್ಥಳೀಯರಿಗೆ ಬಿಟ್ಟಿತು. ಸ್ಕಾಟಿಷ್ ಸಭೆಗಳಲ್ಲಿ ಬಹುಭಾಗ ಜನ ಎದ್ದುಹೋದರು. ಹೊರಬಂದವರು ತಮ್ಮವೇ ಶಾಲೆಗಳನ್ನೂ ಸಭೆಗಳನ್ನೂ ಕಟ್ಟಿಕೊಂಡರು. ಪಾದ್ರಿಗಳಿಲ್ಲದ ಈ ಸಭೆಗಳಿಗೆ ೧೯೩೫ರಲ್ಲಿ ದಕ್ಷಿಣ ಆಫ್ರಿಕದಿಂದ ಆಫ್ರಿಕನ್ ಆರ್ಥೊಡಾಕ್ಸ್ ಸಭೆಯ ಆರ್ಚ್‌ಬಿಷಪ್ ಡೇನಿಯಲ್ ವಿಲಿಯಂ ಅಲೆಗ್ಸಾಂಡರರು ಬಂದು ಕೆಲವರಿಗೆ ಪಾದ್ರಿಪಟ್ಟ ಕಟ್ಟಿದರು. ಅವರಲ್ಲೊಂದು ಶಾಖೆ ಕ್ರಮೇಣ ಈಜಿಪ್ಟಿನ ಅಲೆಗ್ಸಾಂಡ್ರಿಯದ ಗ್ರೀಕ್ ಪೀಠವನ್ನು ಸೇರಿಕೊಂಡಿತು. ಅಪೊಸ್ತಲಿಕ ಪರಂಪರೆ ಇಲ್ಲದೆ ಐಕ್ಯವಿಲ್ಲವೆಂದು ಹಟಹಿಡಿದ ವೆಸ್ಟನ್ನರು ೧೯೨೪ರಲ್ಲಿ ತೀರಿಕೊಂಡಿದ್ದರು. ಮಿಷನರಿಗಳು ಸಭಾಭೇದಿಗಳೆಂದು ಕರೆದ ಕಿಕುಯು ರೈತರು ಆಫ್ರಿಕದ ನೆಲದ ಅತಿ ಪ್ರಾಚೀನ ಅಪೊಸ್ತಲಿಕ ಪೀಠವೊಂದರೊಡನೆ ತಾವಾಗಿಯೇ ಹೋಗಿ ಒಂದಾದುದನ್ನು ನೋಡಲು ಅವರಿರಲಿಲ್ಲ.

ಇನ್ನು ಎರಡನೆಯ ಬಗೆಯ ಐಕ್ಯದ ಕಡೆಗೆ ತಿರುಗೋಣ. ಅದು ಕೆನ್ಯದಲ್ಲಿ ಹುಟ್ಟಿದ್ದಲ್ಲ. ರುವಾಂಡದ ಗಾಹಿನಿಯಲ್ಲಿದ್ದ ವೈದ್ಯ ಮಿಷನರಿ ಜೋ ಚರ್ಚರೂ ಬುಗಾಂಡದ ಸಿಮೆಯೋನ್ ನ್ಸಿಬಾಂಬಿಯವರೂ ೧೯೨೯ರಲ್ಲಿ ಕಂಪಾಲದ ನಮಿರೆಂಬೆ ಬೆಟ್ಟದ ಮೇಲೆ ಕೂಡಿ ಬೈಬಲ್ ಓದಿ ಪ್ರಾರ್ಥಿಸಿದರು. ಅಲ್ಲಿಂದ ಮೊದಲಾಗಿ ಗಾಹಿನಿಯ ಆಸ್ಪತ್ರೆಯಲ್ಲಿಯೂ ಶಾಲೆಯಲ್ಲಿಯೂ ಹಬ್ಬಿದ ಜಾಗೃತಿಯನ್ನು ಪೂರ್ವ ಆಫ್ರಿಕದ ಪುನರುಜ್ಜೀವನವೆಂದು ಕರೆಯುತ್ತಾರೆ. ನ್ಸಿಬಾಂಬಿಯವರ ತಮ್ಮನಾದ ಬ್ಲಾಸಿಯೊ ಕಿಗೋಜಿ ಎಂಬ ಪಾದ್ರಿಯು ‘ಏಳಿರಿ’ ಎಂಬರ್ಥದ ‘ಜುಕುಕ’ ಎಂಬ ಒಂದು ಶಬ್ದವನ್ನೇ ಸಭೆಗೆ ಬಿಟ್ಟು ೧೯೩೬ರ ಆದಿಯಲ್ಲಿ ತೀರಿಕೊಂಡನು. ಈ ಜನರನ್ನು ಲುಗಾಂಡ ಭಾಷೆಯಲ್ಲಿ ‘ಬಲೊಕೊಲೆ’, ಎಂದರೆ ರಕ್ಷಣೆ ಹೊಂದಿದವರು, ಎಂದು ಕರೆದರು; ಹೆಸರಿನಲ್ಲಿ ಹಾಸ್ಯವೂ ಸ್ವಲ್ಪ ಬೆರೆತಿತ್ತು. ಇವರು ಮಿಷನರಿಗಳ ಪಾಪವನ್ನೂ ಮುಖಕ್ಕೆ ಮುಖ ಹೇಳುವವರಾದ್ದರಿಂದ ೧೯೪೧ರಲ್ಲಿ ಮುಕೋನೊ ಧರ್ಮಶಾಸ್ತ್ರ ಕಾಲೇಜಿನಿಂದ ೨೬ ಮಂದಿ ವಿದ್ಯಾರ್ಥಿಗಳು ಹೊರಹಾಕಲ್ಪಟ್ಟರು. ಆದರೂ ಅವರು ಸಭೆಯನ್ನು ಬಿಟ್ಟು ಹೋಗಲಿಲ್ಲ.

ಈ ಚಳವಳಿ ೧೯೩೭ರ ಸುಮಾರಿಗೆ ಕಿಕುಯು ನಾಡನ್ನು ಮುಟ್ಟಿತು. ಅದಕ್ಕೆ ಕಾರ್ಯಾಲಯವಿರಲಿಲ್ಲ, ಸದಸ್ಯತ್ವದ ಪಟ್ಟಿಯಿರಲಿಲ್ಲ, ವಿಶ್ವಾಸಪ್ರಮಾಣದ ಹೊಸ ಬರಹವಿರಲಿಲ್ಲ. ಇದ್ದದ್ದು ಮನೆಯಂಗಳದಲ್ಲೋ ಮರದ ಕೆಳಗೋ ವಾರವಾರ ಸೇರುವ ಸಣ್ಣ ಕೂಟಗಳು. ಒಬ್ಬೊಬ್ಬರಾಗಿ ಎದ್ದು ತಮ್ಮ ಪಾಪವನ್ನು ಹೆಸರಿಟ್ಟು ಹೇಳುವರು, ಕದ್ದದ್ದನ್ನು ಹಿಂದಿರುಗಿಸುವರು, ಕೇಳಿದವರು ಸ್ತುತಿಗೀತೆಯಿಂದ ಅವರನ್ನು ಅಪ್ಪಿಕೊಳ್ಳುವರು. ಇದನ್ನು ಇಂಗ್ಲಿಷ್ ಕೆಸಿಕ್ ಸಂಪ್ರದಾಯದ ನಕಲೆಂದು ಕೆಲವರು ತಳ್ಳಿಹಾಕಿದ್ದಾರೆ. ಕೆಸಿಕ್ಕಿನ ಪ್ರಭಾವವಿದ್ದದ್ದು ನಿಜ. ಆದರೆ ಬಾಯಿಂದ ಹೊರಹಾಕಿದ ಹೊರತು ಮೈಲಿಗೆ ಹೋಗದು, ಒಬ್ಬನ ಮೈಲಿಗೆ ಎಲ್ಲರದೂ ಹೌದು ಎಂದು ತಲೆತಲಾಂತರದಿಂದ ತಿಳಿದ ಜನರಿಗೆ ಈ ಬಹಿರಂಗ ನಿವೇದನೆ ಅಪರಿಚಿತವಾಗಿರಲಿಲ್ಲವೆಂಬುದನ್ನು ಗಮನಿಸಬೇಕು. ಥಾಹು ತೊಳೆಯುತ್ತಿದ್ದ ಸ್ಥಾನದಲ್ಲಿ ಈಗ ಕ್ರಿಸ್ತನ ರಕ್ತ ನಿಂತಿತು. ಕೂಟಕ್ಕೆ ಬಂದ ಆಂಗ್ಲಿಕನ್, ಪ್ರೆಸ್ಬಿಟೇರಿಯನ್, ಮೆಥೊಡಿಸ್ಟರು ಪರಸ್ಪರ ಸೋದರ ಸೋದರಿಯರೆಂದು ಕರೆದುಕೊಂಡದ್ದು ಉಪಚಾರಕ್ಕಲ್ಲ. ಸೋದರಿಯ ಮದುವೆಗೆ ಕೂಟವೇ ತವರಾಯಿತು. ಮಕ್ಕಳ ಶುಲ್ಕವನ್ನು ಕೂಟವೇ ಕೂಡಿಸಿತು. ವಿಧವೆಯ ಹೊಲವನ್ನು ಕೂಟವೇ ಅಗೆಯಿತು. ವಂಶವು ಮಾಡುತ್ತಿದ್ದುದನ್ನೆಲ್ಲ ಕೂಟವು ಮಾಡಿತು. ಇದನ್ನು ಹೊಸದೊಂದು ಎಂಬಾರಿ, ಒಂದೇ ರಕ್ತದಿಂದ ಹುಟ್ಟಿದ ರೀಕಾ ಎಂದರೆ ತಪ್ಪಾಗದು. ೧೯೧೩ರಲ್ಲಿ ಮಿಷನರಿಗಳು ಒಂದು ದಿನ ಮಾತ್ರ ನಡೆಯಿಸಿ ನಿಲ್ಲಿಸಿದ್ದನ್ನು ಇವರು ಯಾರ ಅಪ್ಪಣೆಯನ್ನೂ ಕೇಳದೆ ವರ್ಷಗಟ್ಟಲೆ ನಡೆಯಿಸಿದರು.

ಕ್ರಿಸ್ತನಿಗೆ ಅಗ್ರಸ್ಥಾನವೆಂಬ ಮಾತು ಎಲ್ಲ ಸಭೆಗಳ ಉಪದೇಶಗಳಲ್ಲಿಯೂ ಇದೆ. ಅಗ್ರಸ್ಥಾನಕ್ಕೆ ಪ್ರತಿಸ್ಪರ್ಧಿ ಯಾರೆಂಬುದು ಸ್ಪಷ್ಟವಾಗುವ ತನಕ ಆ ಮಾತಿಗೆ ತೂಕ ಬರುವುದಿಲ್ಲ. ಕಿಕುಯು ನಾಡಿನಲ್ಲಿ ಅದು ಸ್ಪಷ್ಟವಾದದ್ದು ೧೯೫೨ರಲ್ಲಿ. ಭೂಮಿಯನ್ನು ಕಳೆದುಕೊಂಡವರ ರೋಷವು ಮೌ ಮೌ ಎಂದು ಹೆಸರಾದ ದಂಗೆಯ ರೂಪ ತಾಳಿ, ಅಕ್ಟೋಬರ್ ೨೦ರಂದು ಸರ್ಕಾರವು ತುರ್ತುಪರಿಸ್ಥಿತಿಯನ್ನು ಘೋಷಿಸಿತು. ದಂಗೆಯವರು ಜನರನ್ನು ಒಂದಾಗಿಸಲು ಬಳಸಿದ ಸಾಧನ ಆಣೆಯೇ. ಬಾಳೆಯ ಎಲೆದಂಟುಗಳ ಕಮಾನಿನ ಕೆಳಗೆ ಹಾದು, ಆಡಿನ ಮಾಂಸವನ್ನೂ ರಕ್ತವನ್ನೂ ನಾಲಗೆಗೆ ಮುಟ್ಟಿಸಿ ಏಕತೆಯ ಪ್ರತಿಜ್ಞೆ ಮಾಡಬೇಕಾಗಿತ್ತು. ರಾತ್ರಿಯಲ್ಲಿ, ಗುಟ್ಟಾಗಿ, ಹೆಂಗಸರಿಗೂ, ಬಲವಂತದಿಂದಲೂ ಇದನ್ನು ಮಾಡಿಸಿದ್ದು ಹಳೆಯ ಪದ್ಧತಿಗೆ ವಿರೋಧವೆಂದು ಕಿಕುಯುಗಳ ನಡುವೆಯೇ ಬೆಳೆದ ವಿದ್ವಾಂಸ ಲೂಯಿ ಲೀಕಿ ಅಂದೇ ವಾದಿಸಿದರು. ಆದರೂ ಅದರ ಶಕ್ತಿ ಹಳೆಯ ಪದ್ಧತಿಯಿಂದಲೇ ಬಂದದ್ದೆಂಬುದರಲ್ಲಿ ಅನುಮಾನವಿಲ್ಲ.

ಮಿಷನ್ ಶಾಲೆಗಳಲ್ಲಿ ಕಲಿತು ದೀಕ್ಷಾಸ್ನಾನ ಪಡೆದ ಎಷ್ಟೋ ಮಂದಿ ಆಣೆಯನ್ನೂ ಸ್ವೀಕರಿಸಿದರು. ಕ್ರೈಸ್ತಧರ್ಮ ಒಂದು ಕಡೆ, ಜನಾಂಗ ಇನ್ನೊಂದು ಕಡೆ, ಎರಡೂ ಇರಲಿ ಎಂಬುದು ಅವರ ಭಾವನೆಯಾಗಿದ್ದಿರಬೇಕು. ಪುನರುಜ್ಜೀವನದ ಸೋದರರು ಒಪ್ಪಲಿಲ್ಲ. ತಾವು ಕುರಿಮರಿಯಾದ ಕ್ರಿಸ್ತನ ರಕ್ತವನ್ನು ಕುಡಿದವರು, ಆಡಿನ ರಕ್ತವನ್ನು ಅದರ ಮೇಲೆ ಕುಡಿಯಲಾರೆವು ಎಂಬುದು ಅವರ ಉತ್ತರ. ಈ ಉತ್ತರದ ವಿಶೇಷವನ್ನು ನೋಡಿರಿ. ಆಣೆಯು ಮೂಢನಂಬಿಕೆ, ರಕ್ತದಲ್ಲಿ ಏನಿದೆ ಎಂದು ಮಿಷನರಿಯು ಹೇಳುತ್ತಿದ್ದನು. ಸೋದರರು ಹಾಗೆನ್ನಲಿಲ್ಲ. ರಕ್ತಕ್ಕೆ ಮನುಷ್ಯರನ್ನು ಕಟ್ಟುವ ಶಕ್ತಿಯಿದೆ, ಆದ್ದರಿಂದಲೇ ಎರಡು ರಕ್ತಗಳಿಗೆ ಕಟ್ಟುಬೀಳಲಾಗದು ಎಂದರು. ತಮ್ಮ ಪೂರ್ವಜರ ತರ್ಕವನ್ನು ಬಿಡದೆಯೇ, ಆ ತರ್ಕದ ತುದಿಯಲ್ಲಿ ಕ್ರಿಸ್ತನನ್ನು ನಿಲ್ಲಿಸಿದರು. ಹೆಬ್ಬೆಟ್ಟಿನ ಕಾಗದವು ೧೯೨೯ರಲ್ಲಿ ಮಾಡಲಾಗದ್ದನ್ನು ಈ ಮಾತು ಮಾಡಿತು. ಇದಕ್ಕಾಗಿ ಹಲವರು ಕೊಲೆಯಾದರು, ಅಂಗಹೀನರಾದರು, ಮನೆಗಳು ಉರಿದವು.

ಅವರ ನಡತೆಯ ಇನ್ನೊಂದು ಮುಖವನ್ನು ಮರೆಯಬಾರದು. ಸರ್ಕಾರವು ದಂಗೆಯವರ ವಿರುದ್ಧ ಕಟ್ಟಿದ ಊರುಗಾವಲು ಪಡೆಯಲ್ಲಿ ಆಯುಧ ಹಿಡಿಯಲು ಕೂಡ ಸೋದರರಲ್ಲಿ ಬಹುಮಂದಿ ಒಪ್ಪಲಿಲ್ಲ. ಯಾರಿಗಾಗಿ ಕ್ರಿಸ್ತನ ರಕ್ತ ಸುರಿಯಿತೋ ಅವರ ರಕ್ತವನ್ನು ಸುರಿಸಲಾರೆವೆಂಬುದು ಕಾರಣ. ಆದಕಾರಣ ಕಾಡಿನವರಿಗೆ ದ್ರೋಹಿಗಳಾಗಿಯೂ ಅಧಿಕಾರಿಗಳಿಗೆ ಅವಿಧೇಯರಾಗಿಯೂ ಅವರು ಕಂಡರು. ಕೆಲವರು ಎರಡೂ ಕಡೆಯಿಂದ ಪೆಟ್ಟು ತಿಂದರು. ಈ ಎರಡನೆಯ ನಿರಾಕರಣೆಯೇ ಮೊದಲನೆಯದಕ್ಕೆ ನಿಜವಾದ ಪ್ರಮಾಣವೆಂದು ನಾವು ಎಣಿಸುತ್ತೇವೆ. ಕೇವಲ ಆಣೆಯನ್ನು ನಿರಾಕರಿಸಿದ್ದರೆ ಅದು ಸಾಮ್ರಾಜ್ಯದ ಪಕ್ಷಪಾತವೆಂದು ಹೇಳಿಬಿಡಬಹುದಾಗಿತ್ತು.

ಆದರೂ ಒಂದು ಆಕ್ಷೇಪಣೆ ಉಳಿದೇ ಇದೆ. ನೆಲ ಕಳೆದುಕೊಂಡವರ ನ್ಯಾಯದ ಬಗ್ಗೆ ಕೂಟಗಳು ಬಹುಮಟ್ಟಿಗೆ ಮೌನವಾಗಿದ್ದವು. ಸರ್ಕಾರವು ಗಲ್ಲಿಗೇರಿಸಿದವರ ಸಂಖ್ಯೆ ಸಾವಿರವನ್ನು ಮೀರಿತು. ಶಿಬಿರಗಳಲ್ಲಿ ಚಿತ್ರಹಿಂಸೆ ನಡೆಯಿತು. ೧೯೫೩ರಲ್ಲಿ ಕೆನ್ಯಕ್ಕೆ ಬಂದ ಚರ್ಚ್ ಮಿಷನರಿ ಸೊಸೈಟಿಯ ಕಾರ್ಯದರ್ಶಿ ಬ್ಯೂಸರು ಪೊಲೀಸರ ಕ್ರೌರ್ಯವನ್ನು ಲಂಡನ್ನಿನಲ್ಲಿ ಬಯಲುಮಾಡಿದರೆಂಬುದನ್ನು ಇಲ್ಲಿ ಸ್ಮರಿಸಬೇಕು. ಕೂಟಗಳ ಒಳಗಿನ ಪಾಪನಿವೇದನೆಯಲ್ಲಿ ಕಳ್ಳತನ, ವ್ಯಭಿಚಾರ, ಅಹಂಕಾರಗಳಿಗೆ ಹೆಸರಿದ್ದಂತೆ ಭೂಕಬಳಿಕೆಗೆ ಹೆಸರಿರಲಿಲ್ಲ. ಕೂಟಗಳ ಐಕ್ಯವೂ ಸರ್ವತ್ರ ನಿಲ್ಲಲಿಲ್ಲ. ನ್ಯಾಂಜ ಪ್ರಾಂತದಲ್ಲಿ ಪುನರುಜ್ಜೀವನದ ಒಡಲಿನಿಂದಲೇ ಮ್ಯಾಥ್ಯೂ ಅಜುವೊಗ ಎಂಬ ಪಾದ್ರಿಯ ನೇತೃತ್ವದಲ್ಲಿ ೧೯೫೭ರಲ್ಲಿ ಪ್ರತ್ಯೇಕ ಸಭೆಯೊಂದು ಹೊರಟಿತು. ಇನ್ನು ರುವಾಂಡದ ವಿಚಾರ ಅತ್ಯಂತ ಕಠಿನವಾದದ್ದು. ಚಳವಳಿಯ ತವರಾದ ಆ ದೇಶದಲ್ಲಿ ೧೯೯೪ರಲ್ಲಿ ಅಂದಾಜು ಎಂಟು ಲಕ್ಷ ಜನರು ಕೊಲೆಯಾದರು. ಕೊಂದವರೂ ಕೊಲೆಯಾದವರೂ ಹೆಚ್ಚಿನಂಶ ಕ್ರೈಸ್ತರೇ. ನ್ಯಾಮಾಟ, ನ್ಟರಾಮಗಳಲ್ಲಿ ದೇವಾಲಯಗಳೇ ವಧಾಸ್ಥಾನಗಳಾದವು. ಅನ್ಯಕುಲದವರನ್ನು ಬಚ್ಚಿಟ್ಟು ಪ್ರಾಣ ತೆತ್ತ ಕ್ರೈಸ್ತರೂ ಇದ್ದರೆಂಬುದು ಸತ್ಯ, ಆದರೆ ಅವರು ಅಲ್ಪಸಂಖ್ಯಾತರು. ಕ್ರಿಸ್ತನ ರಕ್ತವು ಕುಲದ ರಕ್ತಕ್ಕಿಂತ ಗಾಢವೆಂಬ ೧೯೫೨ರ ಕಿಕುಯು ಉತ್ತರವು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಆಸ್ತಿಯಂತೆ ಇಳಿದುಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಭೀಕರವಾದ ಸಾಕ್ಷ್ಯ ಬೇಕಿಲ್ಲ.

ಕೆನ್ಯದಲ್ಲಿ ಆ ಉತ್ತರವನ್ನು ಇನ್ನೊಮ್ಮೆ ಕೊಡಬೇಕಾಗಿ ಬಂದದ್ದು ೧೯೬೯ರಲ್ಲಿ. ಲುವೊ ಜನಾಂಗದ ನಾಯಕ ಟಾಮ್ ಎಂಬೋಯ ಆ ವರ್ಷದ ಜುಲೈನಲ್ಲಿ ಹತರಾದ ಬಳಿಕ, ಅಧಿಕಾರವು ಕಿಕುಯುಗಳ ಕೈ ಬಿಡಬಾರದೆಂದು ಆಣೆಯನ್ನು ಪುನಃ ಮಾಡಿಸತೊಡಗಿದರು. ಈ ಸಲ ಆಣೆಯು ಪರಕೀಯರ ವಿರುದ್ಧವಾಗಿರದೆ ಸ್ವದೇಶದ ಅನ್ಯಜನಾಂಗಗಳ ವಿರುದ್ಧವಾಗಿತ್ತು. ಅದರ ಹಿಂದೆ ಸ್ವತಂತ್ರ ಸರ್ಕಾರದ ಪ್ರಬಲರೇ ಇದ್ದರು. ಪ್ರೆಸ್ಬಿಟೇರಿಯನ್ ಮತ್ತು ಆಂಗ್ಲಿಕನ್ ಸಭೆಗಳು ಬಹಿರಂಗವಾಗಿ ಪ್ರತಿಭಟಿಸಿದವು, ಆಣೆ ನಿಂತಿತು. 

ಇಲ್ಲಿ ಒಬೆಡಾಯ ಕರಿಯುಕಿಯವರ ಹೆಸರನ್ನು ಹೇಳದೆ ಬಿಡಲಾಗದು. ಕಿಕುಯು ಜನಾಂಗದಿಂದ ೧೯೫೫ರಲ್ಲಿ ಬಿಷಪ್ಪರಾದ ಇವರು ಪುನರುಜ್ಜೀವನದ ಮುಂದಾಳುಗಳಲ್ಲೊಬ್ಬರು; ಜೋಮೊ ಕೆನ್ಯಾಟರೂ ಇವರೂ ಮುಖ್ಯಸ್ಥ ಕೊಯಿನಾಂಗೆಯ ಹೆಣ್ಣುಮಕ್ಕಳನ್ನು ಮದುವೆಯಾಗಿ ಷಡ್ಡಕರಾಗಿದ್ದರು. ಕೆನ್ಯಾಟರು ಸೆರೆಯಲ್ಲಿದ್ದಾಗ ಇವರು ಹೋಗಿ ಕಂಡರು. ಕಿಕುಯು ಸಂಪ್ರದಾಯವನ್ನು ಸಮರ್ಥಿಸಿ ಕೆನ್ಯಾಟರು ೧೯೩೮ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನ ಅರ್ಥ ಕೆನ್ಯ ಪರ್ವತಕ್ಕೆ ಅಭಿಮುಖವಾಗಿ ಎಂದು. ೧೯೮೫ರಲ್ಲಿ ಹೊರಬಂದ ಕರಿಯುಕಿಯವರ ಆತ್ಮಕಥೆಯ ಹೆಸರು ಕೆನ್ಯ ಪರ್ವತಕ್ಕೆ ಅಭಿಮುಖನಾದ ಬಿಷಪ್ಪ ಎಂದು. ನ್ಗಾಯ್ ನೆಲೆಸಿದ ಪರ್ವತಕ್ಕೆ ಬೆನ್ನು ತಿರುಗಿಸಬೇಕೆಂದು ಅವರಿಗೆ ಅನ್ನಿಸಲಿಲ್ಲ.

ಅವರ ಪ್ರಾಂತದ ಮುರಂಗದಲ್ಲಿ ತುರ್ತುಪರಿಸ್ಥಿತಿಯ ಕಾಲದಲ್ಲಿ ಮಡಿದ ಕ್ರೈಸ್ತರ ಸ್ಮಾರಕವಾಗಿ ಒಂದು ದೇವಾಲಯವನ್ನು ಕಟ್ಟಲಾಗಿದೆ. ೧೯೫೫ರಲ್ಲಿ ಅದಕ್ಕೆ ಅಸ್ತಿಭಾರವಿಟ್ಟವರು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಫಿಷರರು, ಎಂದರೆ ಕಿಕುಯುವಿನ ಕೂಡುಭೋಜನವನ್ನು ಇನ್ನೊಮ್ಮೆ ಮಾಡಬೇಡಿರೆಂದು ಹೇಳಿದ ಡೇವಿಡ್ಸನ್ನರ ಪೀಠದಲ್ಲಿ ಕುಳಿತವರು. ಅದರ ಗೋಡೆಯ ಮೇಲೆ ಟಾಂಗನ್ಯೀಕದ ಚಿತ್ರಕಾರ ಎಲಿಮೊ ಎಂಜಾವು ೧೯೫೯ರಲ್ಲಿ ಬರೆದ ಐದು ಚಿತ್ರಗಳಿವೆ. ಕ್ರಿಸ್ತನು ಕಿಕುಯು ಗುಡಿಸಿಲಿನಲ್ಲಿ ಹುಟ್ಟುತ್ತಾನೆ, ಆಫ್ರಿಕದ ಬೆಟ್ಟಗಳ ನಡುವೆ ಶಿಲುಬೆಗೇರುತ್ತಾನೆ. ಕಾಡಿನಲ್ಲಿ ಸತ್ತವರಿಗೆ ಆ ದೇವಾಲಯದಲ್ಲಿ ಸ್ಥಾನವಿಲ್ಲ. ಅವರಿಗೂ ಶಿಬಿರಗಳಲ್ಲಿ ಹಿಂಸೆಗೊಳಗಾದವರಿಗೂ ನೈರೋಬಿಯ ಉದ್ಯಾನವೊಂದರಲ್ಲಿ ಬ್ರಿಟಿಷ್ ಸರ್ಕಾರದ ಹಣದಿಂದಲೇ ಸ್ಮಾರಕವೊಂದು ಎದ್ದುನಿಂತದ್ದು ೨೦೧೫ರಲ್ಲಿ. ಎರಡು ಸ್ಮಾರಕಗಳಲ್ಲಿ ಒಂದನ್ನು ಮಾತ್ರ ಆಧಾರವಾಗಿ ಹಿಡಿದು ಆ ವರ್ಷಗಳ ಇತಿಹಾಸವನ್ನು ಬರೆಯುವ ಅಭ್ಯಾಸ ಎರಡೂ ಪಕ್ಷದ ಲೇಖಕರಲ್ಲಿ ಇನ್ನೂ ಹೋಗಿಲ್ಲ.